ಜಗಳ ಹಚ್ಚುವ ಮಾಸ್ತರರು

ಎಂಬತ್ತರ ದಶಕದಲ್ಲಿ ಗದಗಿನ ಕಾಲೇಜಿನಲ್ಲಿ ನನ್ನೊಡನೆ ಕಲಿಸುತ್ತಿದ್ದ ಒಬ್ಬ ಭೌತಶಾಸ್ತ್ರದ ಮಾಸ್ತರರಿದ್ದರು. ಸಾಸಿವೆಕಾಳಿನಷ್ಟು ಸಣ್ಣ ಅರೆವಾಹಕ ಲೇಸರುಗಳೆರಡರ ಬೆಳಕು ಬೆರೆತು ಸಂವೇದಕದ ಮೇಲೆ ಬಿದ್ದರೆ, ಅವುಗಳ ಕಂಪನಗಳ ವ್ಯತ್ಯಾಸವೇ ಮೈಕ್ರೋವೇವ್ ಎಂಬ ಹೊಸ ಅಲೆಯಾಗುತ್ತದೆಂದು ಕಲಿಸುವಾಗ ಕೈ ಉಜ್ಜುತ್ತ, "ಇಬ್ಬರ ಜಗಳದಾಗ ಮೂರನೇದು ಹುಟ್ಟತೈತಿ ನೋಡ್ರಿ" ಎನ್ನುತ್ತಿದ್ದರು.

ಕಾಲೇಜಿನಲ್ಲಿ ಲೇಸರ್ ಇರಲಿಲ್ಲ. ಅದನ್ನೇ ದನಿಯಲ್ಲಿ ತೋರಿಸಲು ಬೆಟಗೇರಿಯ ಭಜನಾ ಮಂಡಳಿಯ ಎರಡು ಹಾರ್ಮೋನಿಯಂ ಕೇಳಿ ತಂದು, ಒಂದರೊಳಗಿನ ದನಿ ಹುಟ್ಟಿಸುವ ರೀಡನ್ನು ಅರದಿಂದ ತುಸು ತೀಡಿದರು. ಕೂಡಿಸಿ ನುಡಿಸಿದಾಗ ದನಿ ಅಲೆಯಲೆಯಾಗಿ ನಡುಗಿತು. ಹುಡುಗರು ಚಪ್ಪಾಳೆ ತಟ್ಟಿದರು.

ಪೆಟ್ಟಿಗೆಗಳೆರಡನ್ನೂ ಮರಳಿಸಿದ ಸಂಜೆ ಭಜನೆಯೂ ಹಾಗೇ ನಡುಗಿತು. ಭಜನಾ ಸ್ಪರ್ಧೆ ಹತ್ತಿರದಲ್ಲೇ ಇತ್ತು. ಮರುದಿನ ಮಂಡಳಿಯ ಹಿರಿಯರು ಕೆಟ್ಟ ಹಾರ್ಮೋನಿಯಂ ತಂದು ಮಾಸ್ತರರ ಮೇಜಿನ ಮೇಲಿಟ್ಟರು.

"ನಾವು ಒಂದರಾಗ ಹಾಡ್ತೀವಿ. ಈ ಪೆಟ್ಟಿಗಿ ನೀವ ಇಟ್ಕೊರ್ರಿ. ಒಂಟಿ ಪೆಟ್ಟಿಗಿ ಯಾರ ಜೋಡಿ ಜಗಳಾಡ್ತೈತಿ ನೋಡೂಣು!"

ಮಾಸ್ತರರು ತಲೆ ತಗ್ಗಿಸಿ ಕೇಳಿಸಿಕೊಂಡರು. ಹಿರಿಯರು ಹೊರಟೊಡನೆ ಕೈ ಉಜ್ಜುತ್ತ ನನ್ನ ಕಡೆ ತಿರುಗಿದರು.

"ನಿಮ್ಮ ಮನ್ಯಾಗೂ ಒಂದ್ ಪೆಟ್ಟಿಗಿ ಐತಲ್ರಿ?"