ಗಾಲ್ಡ್ರಿಕ್ ಕಟ್ಟಿದ ಬಿಳಿ ಕಸಿ

ಗಾಲ್ಡ್ರಿಕ್‌ನ ಹೆಸರು ಬ್ರಿಜಿಡಳ ಕಿವಿಗೆ ಮೊದಲು ಬಿದ್ದದ್ದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಯುದ್ಧ ಮುಗಿದ ಮಾರನೆಯ ಬೇಸಿಗೆ. ಮದುವೆಯಾಗಿ ವಿಲಗ್ರೆಯ ಅನ್ನುವ ಬೆಟ್ಟದೂರಿಗೆ ಹೊಸದಾಗಿ ಬಂದವಳು, ಮೊಣಕಾಲೂರಿ ಗಂಡನ ಅಂಗಿ ಉಜ್ಜುತ್ತಿದ್ದಳು. ಪಕ್ಕದ ಹೆಂಗಸು ಮೊಣಕೈಯಲ್ಲಿ ತಿವಿದು, "ತಲೆ ಎತ್ತಿ ಬೆಟ್ಟ ನೋಡೇ ಹುಡುಗಿ. ಆ ಗಾಲ್ಡ್ರಿಕ್ ಸುಣ್ಣ ಬಳಿದಿದಾನೆ" ಅಂದಳು.

ನೋಡಿದರೆ ಬೆಟ್ಟದ ಮೈಮೇಲೆ ಬಿಳಿ ಗೆರೆ. ಕಲ್ಲಿಂದ ಕಲ್ಲಿಗೆ ಸುಣ್ಣ. ಆ ಗೆರೆ ಅದುವರೆಗೂ ಸರ್ಕಾರದ ಕಾಗದದ ಮೇಲೆ ಮಾತ್ರ ಇತ್ತು. ಗೆರೆಯೊಳಗಿನ ದ್ರಾಕ್ಷಿಗೆ ಬಾಟಲಿಯ ಮೇಲೆ ಊರ ಹೆಸರು ಹಾಕುವ ಹಕ್ಕು. ಗೆರೆಯಾಚೆ ಬೆಳೆದದ್ದು ಹೆಸರಿಲ್ಲದ ಬರೀ ವೈನ್, ಕೊಡದಲ್ಲಿ ಅಳೆದು ಮಾರುವಂಥದ್ದು. ಗೆರೆ ಹೇಸರಗತ್ತೆ ದಾರಿ ಹಿಡಿದು ನೆಟ್ಟಗೆ ಬಂದು, ಒಂದು ಕಲ್ಲುಗೋಡೆಯ ಹತ್ತಿರ ಸರಕ್ಕನೆ ಕೆಳಗಿಳಿದು, ಒಂದು ತೋಟವನ್ನು ಬಳಸಿಕೊಂಡು, ಮತ್ತೆ ಮೇಲೇರಿ ನೆಟ್ಟಗೆ ಹೋಗಿತ್ತು. ಪಂಕ್ತಿಯಲ್ಲಿ ಒಬ್ಬನನ್ನೇ ಬಿಟ್ಟು ಬಡಿಸಿದ ಹಾಗೆ.

ಬಿಟ್ಟುಹೋದ ತೋಟ ಗಾಲ್ಡ್ರಿಕ್‌ನದು. ಅವನಪ್ಪ ಕಲ್ಲು ಹೊತ್ತು ಹೊತ್ತು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ನೆಲ. ಊರಿನ ಉಳಿದ ತೋಟಗಳ ಹಾಗೆ ಅಲ್ಲಿಯೂ ಕರಿ ಬಂಡೆಯ ಮಣ್ಣೇ. ಗಾಲ್ಡ್ರಿಕ್ ಜರ್ಮನಿಯಲ್ಲಿ ಸೆರೆಯಾಳಾಗಿದ್ದಾಗ ಅಪ್ಪ ಸತ್ತ, ತೋಟದಲ್ಲಿ ಮುಳ್ಳು ಬೆಳೆಯಿತು. ಗೆರೆ ತಿದ್ದಲು ಪಟ್ಟಣದ ಸಾಹೇಬರು ಬಂದಾಗ ಅವರ ಮುಂದೆ ಮುಂದೆ ನಡೆದು ದಾರಿ ತೋರಿಸಿದವನು ಬೆಳೆಗಾರರ ಸಂಘದ ಅಧ್ಯಕ್ಷ ಫೆರಿಯೋಲ್. "ಅಲ್ಲೇನಿದೆ ಸ್ವಾಮಿ, ಬರೀ ಪೊದೆ. ಬಿಸಿಲಲ್ಲಿ ಯಾಕೆ ಹತ್ತುತೀರಿ" ಅಂದನಂತೆ. ಸಾಹೇಬರು ಹತ್ತಲಿಲ್ಲ.

"ಪಾಪ ಅಲ್ವಾ?" ಅಂದಳು ಬ್ರಿಜಿಡ.

"ಪಾಪ ಅನ್ನು, ಆದ್ರೆ ಮೆಲ್ಲಗನ್ನು. ನಿನ್ನ ಗಂಡ ಫೆರಿಯೋಲ್ ಆಳು" ಅಂದಳು ಆ ಹೆಂಗಸು.

ಮಳೆ ಸುಣ್ಣವನ್ನು ತೊಳೆಯಿತು. ಹೆಸರಿಲ್ಲದ ದ್ರಾಕ್ಷಿಯಲ್ಲಿ ಬದುಕಲಾರದೆ ಗಾಲ್ಡ್ರಿಕ್ ಕೆಲವು ವರ್ಷ ಹೆಣಗಿ, ಕೊನೆಗೆ ತೋಟವನ್ನು ಪಟ್ಟಣದ ಯಾರೋ ಅಂಗಡಿಯವನಿಗೆ ಮಾರಿದ. ಆ ಅಂಗಡಿಯವನು ಫೆರಿಯೋಲ್‌ನ ಹೆಂಡತಿಯ ತಮ್ಮ ಅಂತ ಊರಿಗೆ ತಿಳಿಯುವಷ್ಟರಲ್ಲಿ ತೋಟ ಫೆರಿಯೋಲ್‌ನ ಹೆಸರಿಗೆ ಬಂದಾಗಿತ್ತು. ಅದಾದ ಮೇಲೆ ಸಂಘದಿಂದ ಅರ್ಜಿ ಹೋಯಿತು, ಸಾಹೇಬರು ಬಂದರು, ಈ ಸಲ ಹತ್ತಿದರು. ಗೆರೆ ನೆಟ್ಟಗಾಯಿತು, ತೋಟ ಒಳಗೆ ಬಂತು. ಇನ್ನು ಅಲ್ಲಿ ಊರ ಹೆಸರಿನ ಕಪ್ಪು ವೈನ್ ಮಾಡ್ತೀನಿ ಅಂತ ಫೆರಿಯೋಲ್ ಸಾರಿಕೊಂಡ.

ಆ ದಿನ ಗಾಲ್ಡ್ರಿಕ್ ಚೌಕದ ಬೆಂಚಿನ ಮೇಲೆ ಕೂತು, ಹಸಿ ಈರುಳ್ಳಿ ಕಚ್ಚುತ್ತ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ನಮ್ಮಪ್ಪನ ಮಣ್ಣಲ್ಲಿ ಕಪ್ಪು ವೈನ್ ಮಾಡಿ ಇವನು ಕುಡಿಯೋದನ್ನ ನಾನು ನೋಡಲ್ಲ. ನನ್ನ ಉಸಿರಿರೋವರೆಗೆ ಆಗಗೊಡಲ್ಲ."

"ಏನ್ಮಾಡ್ತೀಯ, ಮತ್ತೆ ಸುಣ್ಣ ಬಳೀತೀಯಾ?" ಅಂತ ಯಾರೋ ನಕ್ಕರು.

"ಸುಣ್ಣ ತೊಳೆದುಹೋಗ್ತದೆ" ಅಂದ ಅವನು.

ಬೈದಾಡುವ ಜನಕ್ಕೆ ಹೊಟ್ಟೆ ಬೇಗ ತಣ್ಣಗಾಗುತ್ತದೆ. ಇವನು ಬೈಯಲಿಲ್ಲ. ಒಂದು ಕತ್ತೆ ಕೊಂಡು ಅದಕ್ಕೆ ಅಧ್ಯಕ್ಷ ಅಂತ ಹೆಸರಿಟ್ಟ, ಅಷ್ಟೆ. ಫೆರಿಯೋಲ್ ಚರ್ಚಿನಿಂದ ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಕತ್ತೆಯ ಹಗ್ಗ ಜಗ್ಗಿ, "ಅಧ್ಯಕ್ಷ, ಕಂಡೋರ ಹುಲ್ಲಿಗೆ ಬಾಯಿ ಹಾಕ್ಬೇಡ! ಎಷ್ಟು ತಿಂದ್ರೂ ನಿನ್ನ ಹೊಟ್ಟೆ ತುಂಬಲ್ವಲ್ಲೋ!" ಅಂತ ಕೂಗುವನು. ಫೆರಿಯೋಲ್ ಟೋಪಿ ಸರಿಮಾಡಿಕೊಂಡು ಹೋಗುವನು.

ತೋಟ ಹೋದ ಮೇಲೆ ಗಾಲ್ಡ್ರಿಕ್ ಕಸಿಯ ಕೆಲಸ ಹಿಡಿದ. ಅವನ ಕೈಗೆ ಸಾಟಿ ಸುತ್ತಲ ಊರುಗಳಲ್ಲಿ ಇರಲಿಲ್ಲ. ನೆಲದಲ್ಲಿ ಬೇರೂರಿದ, ಬೇರಿಗೆ ಹುಳ ಹತ್ತದ ಅಮೆರಿಕದ ದ್ರಾಕ್ಷಿ ಗಿಡದ ಬುಡವನ್ನು ಕೊಯ್ದು, ಸೀಳಿ, ಬೆಣೆಯ ಹಾಗೆ ಕೆತ್ತಿದ ಊರ ದ್ರಾಕ್ಷಿಯ ಕಡ್ಡಿಯನ್ನು ಅದರೊಳಗೆ ಕೂರಿಸುವುದು ಗಂಡಸಿನ ಕೆಲಸ. ಹಿಂದೆಯೇ ಬಗ್ಗಿಕೊಂಡು ಬಂದು ನಾರಿನಲ್ಲಿ ಕಟ್ಟಿ, ಮೇಲೆ ಮಣ್ಣು ಗುಡ್ಡೆ ಮಾಡುವುದು ಹೆಂಗಸಿನದು. ಬ್ರಿಜಿಡ ಅವನ ಹಿಂದೆ ನಾರು ಕಟ್ಟಲು ಬಂದದ್ದು ಗಂಡ ಸೆರ್ನಿ ಸತ್ತ ವರ್ಷ. ಫೆರಿಯೋಲ್‌ನ ಪೀಪಾಯಿ ಗಾಡಿಯೇ ಉರುಳಿ ಸೆರ್ನಿ ಸತ್ತದ್ದು. ಮಣ್ಣು ಮಾಡಿ ಬಂದ ವಾರದಲ್ಲೇ ಫೆರಿಯೋಲ್ ಬಾಗಿಲಲ್ಲಿ ನಿಂತು, "ಇದು ಆಳಿನ ಮನೆ ಬ್ರಿಜಿಡ. ಆಳೇ ಇಲ್ಲ ಅಂದ ಮೇಲೆ..." ಅಂದಿದ್ದ. ಅವನ ತೋಟದಲ್ಲಿ ಕರೆದಾಗಲೆಲ್ಲ ದುಡಿಯುವ ಒಪ್ಪಂದದ ಮೇಲೆ ಅವಳು ಆ ಮನೆ ಉಳಿಸಿಕೊಂಡಳು. ಆ ಮಾತು ಮಾತ್ರ ಅವಳ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿದುಕೊಂಡಿತು.

ಫೆರಿಯೋಲ್ ಗಾಲ್ಡ್ರಿಕ್‌ನಿಂದ ಬಂದ ಆ ಮೇಲಿನ ತೋಟದ ಮುದಿ ಬಳ್ಳಿಗಳನ್ನೆಲ್ಲ ಕೀಳಿಸಿ ಹೊಸ ಬುಡಗಳನ್ನು ನೆಡಿಸಿದ. ಅವನ ಕನಸು ದೊಡ್ಡದು. ರಸ ಹುದುಗುತ್ತಿರುವಾಗಲೇ ಸಾರಾಯಿ ಸುರಿದು, ಸಿಹಿಯನ್ನು ಒಳಗೇ ಹಿಡಿದು ನಿಲ್ಲಿಸಿ, ವರ್ಷಗಟ್ಟಲೆ ಪೀಪಾಯಿಯಲ್ಲಿಟ್ಟ ಕಪ್ಪು ವೈನು. ಅದಕ್ಕೆ ಊರ ಹೆಸರಿನ ಮೇಲೆ ಇನ್ನೊಂದು ದೊಡ್ಡ ಹೆಸರು ಹಾಕಬಹುದು. ಕಾನೂನಿನ ಪ್ರಕಾರ ಮುಕ್ಕಾಲು ಪಾಲು ಕಪ್ಪು ಗ್ರೆನಾಶ್ ದ್ರಾಕ್ಷಿಯೇ ಇರಬೇಕು. ಇದಕ್ಕೆ ಕಸಿ ಕಟ್ಟಲು ಅವನು ಕರೆಸಿದ್ದು ಗಾಲ್ಡ್ರಿಕ್‌ನನ್ನೇ. ನಾಚಿಕೆಯೆಂಬುದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಒಂದು ಗಿಡವೂ ಸಾಯಬಾರದು ಅನ್ನುವ ಆಸೆ ಮಾತ್ರ ಇತ್ತು. ಕಡ್ಡಿ ಕೊಳ್ಳಲು ಕೈ ಬಿಗಿ. "ಕೆಳಗಿನ ನನ್ನ ಹಳೇ ತೋಟದಿಂದಲೇ ಕಡ್ಡಿ ತಗೋ" ಅಂದ.

"ನಿಮ್ಮ ತೋಟದಿಂದಲೇ ಅಂತೀರಿ" ಅಂದ ಗಾಲ್ಡ್ರಿಕ್.

"ಹೌದಯ್ಯ, ನನ್ನ ತೋಟದಿಂದಲೇ."

"ನಾಲ್ಕು ಜನರ ಮುಂದೆ ಹೇಳಿದ್ರಿ, ಒಳ್ಳೇದಾಯ್ತು."

ಚಳಿಗಾಲದಲ್ಲಿ ಕಡ್ಡಿ ಕೊಯ್ಯಲು ಗಾಲ್ಡ್ರಿಕ್, ಬ್ರಿಜಿಡ ಇಬ್ಬರೂ ಹೋದರು. ಉತ್ತರದ ಗಾಳಿ ಕಿವಿ ಕತ್ತರಿಸುತ್ತಿತ್ತು. ಬಳ್ಳಿಯಲ್ಲಿ ಎಲೆಯಿಲ್ಲ, ಹಣ್ಣಿಲ್ಲ. ಗಾಲ್ಡ್ರಿಕ್ ಮೇಲಿನ ಸಾಲುಗಳನ್ನು ದಾಟಿಕೊಂಡು ಹಳ್ಳದ ಪಕ್ಕದ ಸಾಲಿಗೆ ಹೋಗಿ ಕತ್ತರಿ ಹಾಕಿದ. ಗೋಣಿ ಹಿಡಿದು ನಿಂತ ಬ್ರಿಜಿಡ ಅಂದಳು, "ಇದು ಬಿಳೀದಲ್ವಾ? ಇಲ್ಲಿ ಸುಗ್ಗೀಲಿ ನಾನೇ ಕೊಯ್ದಿದೀನಿ."

"ಹೌದಾ?"

"ಹೌದು. ಕಪ್ಪು ಮೇಲಿನ ಸಾಲು."

ಕಪ್ಪು ಗ್ರೆನಾಶ್, ಬಿಳಿ ಗ್ರೆನಾಶ್ ಎರಡೂ ಒಂದೇ ತಾಯಿಯ ಮಕ್ಕಳು. ಕಡ್ಡಿ ಒಂದೇ, ಚಿಗುರು ಒಂದೇ, ಎಲೆ ಒಂದೇ. ಆಗಸ್ಟಿನಲ್ಲಿ ಕಾಯಿಗೆ ಬಣ್ಣ ತಿರುಗುವವರೆಗೆ ಹೆತ್ತವರಿಗೂ ಗುರುತು ಸಿಕ್ಕುವುದಿಲ್ಲ. ಗಾಲ್ಡ್ರಿಕ್ ಕತ್ತರಿ ತಗ್ಗಿಸಿ ಅವಳನ್ನೇ ನೋಡಿದ. "ನಿನ್ನ ಬಾಯಿ ಎಷ್ಟು ಗಟ್ಟಿ?"

ಅವಳಿಗೆ ಬಾಗಿಲಲ್ಲಿ ನಿಂತಿದ್ದ ಫೆರಿಯೋಲ್ ಕಣ್ಣಿಗೆ ಬಂದ. "ನಾನು ಕಟ್ಟೋ ಗಂಟಿನಷ್ಟು" ಅಂದಳು.

"ನೀನು ಕಟ್ಟಿದ್ದು ಬಿಚ್ಚಿದ್ದು ನಾನಂತೂ ಕಂಡಿಲ್ಲ. ಹಿಡಿ ಗೋಣಿ."

ಮಾರ್ಚಿನಲ್ಲಿ ಕಸಿ ಕಟ್ಟಿದರು. ಗಾಲ್ಡ್ರಿಕ್ ಅಷ್ಟು ನಾಜೂಕಾಗಿ, ಅಷ್ಟು ಪ್ರೀತಿಯಿಂದ ಕೆಲಸ ಮಾಡಿದ್ದನ್ನು ಅವಳು ಅದಕ್ಕೆ ಮೊದಲು ಕಂಡಿರಲಿಲ್ಲ. ಒಂದೊಂದು ಸೀಳಿಗೂ ಉಸಿರು ಬಿಗಿಹಿಡಿಯುತ್ತಿದ್ದ. "ಚೆನ್ನಾಗಿ ಬದುಕ್ಬೇಕು, ಒಂದೂ ಸಾಯ್ಬಾರದು" ಅಂತ ಗೊಣಗುತ್ತಿದ್ದ. ಫೆರಿಯೋಲ್ ಬಂದು ಕೇಳಿಸಿಕೊಂಡು, "ನೋಡಿದ್ಯಾ, ಹಳೇದೆಲ್ಲ ಮರೆತುಬಿಟ್ಟ" ಅಂತ ಹೆಂಡತಿಗೆ ಹೇಳಿದನಂತೆ.

ಎಳೆಯ ಬಳ್ಳಿಗೆ ಬಲ ಬರಲಿ ಅಂತ ಮೊದಲ ಗೊಂಚಲುಗಳನ್ನು ಹಸಿರಿದ್ದಾಗಲೇ ಕಿತ್ತೆಸೆಯುವುದು ಪದ್ಧತಿ. ಕೀಳುವ ಕೆಲಸ ಬ್ರಿಜಿಡಳದೇ. ಒಂದು ಗೊಂಚಲು ಉಳಿದರೂ ಗುಟ್ಟು ರಟ್ಟು. ಅವಳು ಎಲೆ ಎಲೆ ಎತ್ತಿ ಹುಡುಕಿ ಕಿತ್ತಳು. ಆದರೂ ಒಂದು ಕಣ್ತಪ್ಪಿತು. ಆಗಸ್ಟಿನಲ್ಲಿ ಫೆರಿಯೋಲ್ ಅದನ್ನು ಕೈಯಲ್ಲಿ ಹಿಡಿದು ಅವಳ ಮುಂದೆ ಬಂದು ನಿಂತ. ಜೇನಿನ ಬಣ್ಣಕ್ಕೆ ತಿರುಗಿದ ಗೊಂಚಲು.

"ಇದೇನು?"

ಅವಳು ಇನ್ನೊಂದು ಬಳ್ಳಿಯ ಎಲೆ ಸರಿಸಿದಳು. ಕೈ ಕೆಲಸ ನಿಲ್ಲಿಸಲಿಲ್ಲ. "ಒಂದು ಬಿಳಿ ಗಿಡ ಸೇರ್ಕೊಂಡಿರ್ಬೇಕು ಯಜಮಾನ್ರೇ. ಯಾರ ತೋಟದಲ್ಲಿ ಇಲ್ಲ ಹೇಳಿ?"

ಫೆರಿಯೋಲ್ ಒಂದು ಹಣ್ಣು ಬಾಯಿಗೆ ಹಾಕಿಕೊಂಡ. "ಸಿಹಿಯಾಗಿದೆ" ಅಂತ ಹೇಳಿ ಹೊರಟ.

ಮುಂದಿನ ಬೇಸಿಗೆಯಲ್ಲಿ ಬಳ್ಳಿಗಳು ತುಂಬಿ ಫಲ ಬಿಟ್ಟವು. ಆಗಸ್ಟಿನಲ್ಲಿ ಇಡೀ ಬೆಟ್ಟದ ಗೊಂಚಲುಗಳು ಕಪ್ಪಗಾಗತೊಡಗಿದವು. ಆ ತೋಟದ್ದು ಮಾತ್ರ ಹಸಿರಾಗಿಯೇ ಇತ್ತು. ಮೊದಲು ಫೆರಿಯೋಲ್ ತಡ ಅಂದುಕೊಂಡ. ಆಮೇಲೆ ದಿನಾ ಹತ್ತಿ ಹೋಗಿ ಎಲೆ ಸರಿಸಿ ನೋಡಿದ. ಊರಿನ ಗಂಡಸರು ಚೌಕದಲ್ಲಿ ಕೂತು, "ಏನ್ ಯಜಮಾನ್ರೇ, ನಾಚ್ಕೊಂಡಿದಾವಾ ಹಣ್ಣು?" ಅಂತ ಕೇಳುವರು. ಹಸಿರು ಹಳದಿಯಾಯಿತು. ಹಳದಿಯಲ್ಲೇ ನಿಂತಿತು.

ಫೆರಿಯೋಲ್ ಒಂದು ಗೊಂಚಲನ್ನು ಹೆಂಡದಂಗಡಿಗೆ ತಂದು ಗಾಲ್ಡ್ರಿಕ್‌ನ ಎದುರಿನ ಮೇಜಿನ ಮೇಲೆ ಬಡಿದ. ಹಣ್ಣು ಒಡೆದು ರಸ ಹರಿಯಿತು.

"ಏನ್ ಮಾಡಿದ್ಯೋ ನನ್ನ ತೋಟಕ್ಕೆ?"

"ಕಸಿ ಕಟ್ಟಿದೆ. ಒಂದಾದ್ರೂ ಸತ್ತಿದ್ಯಾ ಹೇಳಿ."

"ಎಲ್ಲಾ ಬಿಳಿ!"

"ನಿಮ್ಮ ತೋಟದ ಕಡ್ಡಿ ಯಜಮಾನ್ರೇ. ನಾಲ್ಕು ಜನರ ಮುಂದೆ ನೀವೇ ಹೇಳಿದ್ದು. ಎಲೆಯಿಲ್ಲದ ಬಳ್ಳೀಲಿ ಬಣ್ಣ ಕಾಣ್ತದಾ?" ಗಾಲ್ಡ್ರಿಕ್ ರಸದಲ್ಲಿ ಬೆರಳದ್ದಿ ನೆಕ್ಕಿದ. "ಆ ಸಾಹೇಬರು ನೀವು ತೋರಿಸಿದ ಹಾಗೆ ಗೆರೆ ಎಳೆದ್ರು. ನಾನು ನೀವು ಕೊಟ್ಟ ಕಡ್ಡಿ ಕಟ್ಟಿದೆ. ಅವರ ಮೇಲೆ ತಪ್ಪಿದ್ರೆ ನನ್ನ ಮೇಲೂ ತಪ್ಪು ಹೊರಿಸಿ."

ಯಾರೂ ನಗಲಿಲ್ಲ. ಎಲ್ಲರೂ ತಮ್ಮ ತಮ್ಮ ಲೋಟವನ್ನೇ ನೋಡುತ್ತ ಕೂತರು. ಅದು ನಗುವುದಕ್ಕಿಂತ ಕೆಟ್ಟದಾಗಿತ್ತು.

ಕೋರ್ಟಿಗೆ ಹೋಗಲು ಸಾಕ್ಷಿ ಬೇಕಾಯಿತು. ಫೆರಿಯೋಲ್ ಮಾರನೆಯ ದಿನ ಬ್ರಿಜಿಡಳ ಮನೆಗೆ ಬಂದ. ಈ ಸಲ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು ಕೂತ, ಅವಳು ಕೊಟ್ಟ ಸೂಪನ್ನೂ ಕುಡಿದ. "ಗೋಣಿ ಹಿಡಿದವಳು ನೀನು. ಬೇಕೂಂತಲೇ ಬಿಳಿ ಸಾಲಿಗೆ ಹೋದ ಅಂತ ಒಂದು ಮಾತು ಹೇಳು. ಈ ಮನೆ ನಿನ್ನ ಹೆಸರಿಗೆ ಬರೆದುಕೊಡ್ತೀನಿ."

ಅವಳು ಗೋಡೆ ನೋಡಿದಳು, ಒಲೆ ನೋಡಿದಳು. ಸೆರ್ನಿ ಮೊಳೆ ಹೊಡೆದು ಕೂರಿಸಿದ ಕಿಟಕಿ ನೋಡಿದಳು.

"ಇದು ಆಳಿನ ಮನೆ ಯಜಮಾನ್ರೇ" ಅಂದಳು. "ಆಳೇ ಇಲ್ಲ ಅಂದ ಮೇಲೆ ನನಗ್ಯಾಕೆ?"

ಅದೇ ಸಂಜೆ ಅವಳ ಪಾತ್ರೆ ಪಡಗ ಬೀದಿಗೆ ಬಂತು. ಗಾಲ್ಡ್ರಿಕ್ ಕತ್ತೆ ಹೊಡೆದುಕೊಂಡು ಬಂದು, ಏನೂ ಕೇಳದೆ, ಹಾಸಿಗೆಯನ್ನು ಅದರ ಬೆನ್ನಿಗೇರಿಸಿದ. "ಅಧ್ಯಕ್ಷನ ಕೊಟ್ಟಿಗೆ ಮೇಲೊಂದು ಕೋಣೆ ಇದೆ. ವಾಸನೆ ಬರ್ತದೆ. ಆದ್ರೆ ಈ ಅಧ್ಯಕ್ಷ ಯಾರನ್ನೂ ಹೊರಗೆ ಹಾಕಲ್ಲ" ಅಂದ. ಊರು ಬಾಯಿಗೆ ಬಂದದ್ದು ಆಡಿತು. ಅವರಿಬ್ಬರ ನಡುವೆ ಮದುವೆಯಾಗಲಿ, ಮದುವೆಯ ಮಾತಾಗಲಿ ಆಗಲಿಲ್ಲ. ರಾತ್ರಿಯೂಟಕ್ಕೆ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ, ಎಣ್ಣೆ ಸುರಿದು, ಉಪ್ಪುಮೀನು ಇಟ್ಟುಕೊಂಡು ಎದುರುಬದುರು ಕೂತಾಗ, "ಈ ವರ್ಷವೂ ಬಿಳಿ" ಅಂತ ಅವನು ಅನ್ನುವನು. "ಬಿಳಿಯೇ" ಅಂತ ಅವಳು ಅನ್ನುವಳು. ಇಬ್ಬರಿಗೂ ಊಟ ರುಚಿಸುತ್ತಿತ್ತು.

ಮತ್ತೆ ಕಸಿ ಕಟ್ಟಿಸಿ ಕಾಯುವ ವಯಸ್ಸು ಫೆರಿಯೋಲ್‌ಗೆ ಇರಲಿಲ್ಲ. ಹಲ್ಲು ಕಚ್ಚಿಕೊಂಡು ಬಿಳಿ ಹಣ್ಣನ್ನೇ ಹಿಂಡಿಸಿ, ಸಾರಾಯಿ ಬೆರೆಸಿ, ದಪ್ಪ ಹೊಟ್ಟೆಯ ಗಾಜಿನ ಬುಂಡೆಗಳಲ್ಲಿ ತುಂಬಿ, ಅಂಗಳದ ಬಿಸಿಲಿಗೆ ಇಟ್ಟು ಮರೆತ. ಬಿಸಿಲು ಕಾಯಿಸಿತು, ಚಳಿ ಕುಗ್ಗಿಸಿತು. ವರ್ಷಗಳು ಕಳೆದ ಮೇಲೆ ಪಟ್ಟಣದ ವ್ಯಾಪಾರಿಯೊಬ್ಬ ರುಚಿ ನೋಡಿ, ಕುರ್ಚಿ ಎಳೆದುಕೊಂಡು ಕೂತುಬಿಟ್ಟನಂತೆ. ಎಷ್ಟಿದೆ, ಎಲ್ಲವೂ ಬೇಕು ಅಂದನಂತೆ. ಬಿಳಿ ವೈನಿಗೂ ಊರ ಹೆಸರಿನ ಹಕ್ಕಿತ್ತು; ಗೆರೆಯೊಳಗಿನ ತೋಟ ತಾನೆ.

ಜನವರಿಯಲ್ಲಿ ದ್ರಾಕ್ಷಿ ಬೆಳೆಗಾರರ ಸಂತನ ಹಬ್ಬದೂಟ. ಫೆರಿಯೋಲ್ ಲೋಟ ಹಿಡಿದು ಎದ್ದು ನಿಂತ. ಮುದುಕನಾಗಿದ್ದ, ದನಿ ಮಾತ್ರ ಹಾಗೇ ಇತ್ತು. "ಈ ವೈನಿಗಾಗಿ ನಾನು ಒಬ್ಬರಿಗೆ ಕೈ ಮುಗೀಬೇಕು. ನಾನು ಕಪ್ಪು ಬೇಕು ಅಂತಿದ್ದೆ. ಆ ಮಣ್ಣಿಗೆ ಯಾವುದು ಒಪ್ತದೆ ಅಂತ ನನಗಿಂತ ಚೆನ್ನಾಗಿ ತಿಳಿದೋನು ಒಬ್ಬನಿದ್ದ. ಏಳಪ್ಪ ಗಾಲ್ಡ್ರಿಕ್, ಎದ್ದು ನಿಂತ್ಕೋ!"

ಊರೆಲ್ಲ ಚಪ್ಪಾಳೆ ತಟ್ಟಿತು. ಗಾಲ್ಡ್ರಿಕ್ ಏಳಲಿಲ್ಲ. ಮೇಜಿನ ಕೆಳಗೆ ಅವನ ಕೈ ಬ್ರಿಜಿಡಳ ಮಣಿಕಟ್ಟನ್ನು ಹಿಡಿದಿತ್ತು. ಬೆರಳುಗಳ ಗುರುತು ಎರಡು ದಿನ ಉಳಿಯಿತು.

ಅಲ್ಲಿಂದ ಪ್ರತಿ ಕ್ರಿಸ್‌ಮಸ್‌ಗೆ ಒಂದು ಬಾಟಲಿ ಅವರ ಬಾಗಿಲಿಗೆ ಬರತೊಡಗಿತು. 'ಕಸಿ ಕಟ್ಟಿದ ಕೈಗೆ' ಅಂತ ಚೀಟಿ. ಗಾಲ್ಡ್ರಿಕ್ ಮೂಸಿ ಕೂಡ ನೋಡದೆ ಕತ್ತೆಯ ನೀರಿನ ತೊಟ್ಟಿಗೆ ಸುರಿಯುವನು. ಕತ್ತೆ ಚಪ್ಪರಿಸಿಕೊಂಡು ಕುಡಿದು, ತೊಟ್ಟಿ ನೆಕ್ಕಿ, ಇನ್ನೂ ಬೇಕೆಂದು ಬಾಗಿಲು ಒದೆಯುತ್ತಿತ್ತು. "ನೀನೂ ಅವನ ಕಡೆಯೇ ಆದ್ಯೇನೋ!" ಅಂತ ಗಾಲ್ಡ್ರಿಕ್ ಬೈಯುವನು. ಬ್ರಿಜಿಡಳಿಗೆ ನಗು ಬರುತ್ತಿತ್ತು. ಅವನ ಮುಖ ನೋಡಿ ನುಂಗಿಕೊಳ್ಳುವಳು. ಊರಿನವರು ದಾರಿಯಲ್ಲಿ ಸಿಕ್ಕಿದರೆ, "ಪುಣ್ಯಾತ್ಮ, ಎಂಥಾ ವೈನ್ ಕೊಟ್ಟೆ ಊರಿಗೆ" ಅನ್ನುವರು. ಅವನು ಊರೊಳಗೆ ಹೋಗುವುದನ್ನೇ ಬಿಟ್ಟ. ಆ ವೈನ್ ಕೆಟ್ಟದ್ದು, ಕುಡಿದವರೆಲ್ಲ ಸುಳ್ಳು ಹೇಳುತ್ತಿದ್ದಾರೆ ಅನ್ನುವುದೊಂದೇ ಅವನಿಗೆ ಉಳಿದ ಆಸ್ತಿ. ತಾನು ಮಾತ್ರ ಒಂದು ಹನಿಯೂ ನಾಲಿಗೆಗೆ ತಾಗಿಸಲಿಲ್ಲ.

ಕತ್ತೆ ಸತ್ತಿತು. ಗಾಲ್ಡ್ರಿಕ್‌ನ ಎದೆ ಕಟ್ಟಿತು. ಹಾಸಿಗೆ ಹಿಡಿದ ಮೇಲೆ ಬಂದ ಕ್ರಿಸ್‌ಮಸ್‌ನಲ್ಲೂ ಬಾಟಲಿ ಬಂತು. ಕಳಿಸಿದ ಫೆರಿಯೋಲ್‌ಗೂ ಆಗ ಕಣ್ಣು ಕಾಣುತ್ತಿರಲಿಲ್ಲ.

"ಬಂತಾ?" ಅಂದ ಗಾಲ್ಡ್ರಿಕ್.

"ಬಂತು. ಸುರಿದು ಬರ್ತೀನಿ."

"ಬೇಡ. ಲೋಟ ತಾ. ಇಲ್ಲಿ, ನನ್ನೆದುರು ಕೂತ್ಕೋ. ನನಗೆ ಬೇಡ, ನೀನು ಬಾಯಿಗೆ ಹಾಕ್ಕೋ. ಯಾರೂ ನಿಜ ಹೇಳಲ್ಲ. ನಿನ್ನ ಮುಖ ನೋಡ್ತೀನಿ."

ಅವಳು ಬಿರಡೆ ತೆಗೆದಳು. ಕೋಣೆಯೆಲ್ಲ ಅಕ್ರೋಟಿನ, ಒಣಗಿದ ಏಪ್ರಿಕಾಟಿನ, ಸುಟ್ಟ ಕಿತ್ತಳೆ ಸಿಪ್ಪೆಯ ಪರಿಮಳ. ದೀಪದ ಬೆಳಕಿಗೆ ಹಳೆಯ ಬಂಗಾರದ ಬಣ್ಣ. ಒಂದು ಗುಟುಕು ಬಾಯಿಗೆ ತೆಗೆದುಕೊಂಡಳು. ಆ ಬೆಟ್ಟದ ಬಿಸಿಲೆಲ್ಲ, ಆ ಮಾರ್ಚಿನಲ್ಲಿ ಬಗ್ಗಿ ಬಗ್ಗಿ ಕಟ್ಟಿದ ನಾರೆಲ್ಲ ನಾಲಿಗೆಯ ಮೇಲೆ ಬಂದು ಕೂತಂತಾಯಿತು. ಅಷ್ಟು ಒಳ್ಳೆಯದನ್ನು ಅವಳು ಬದುಕಿನಲ್ಲಿ ಬಾಯಿಗೆ ಹಾಕಿಕೊಂಡಿರಲಿಲ್ಲ. ಮುಖ ತಿರುಗಿಸಬೇಕೆಂದರೂ ಆಗಲಿಲ್ಲ.

ಅವನು ದಿಂಬಿನಿಂದ ತಲೆ ಎತ್ತಿದ್ದ. ಅವಳ ಗಂಟಲನ್ನೇ ನೋಡುತ್ತಿದ್ದ. ಅವನಿಗೆ ಎಲ್ಲ ತಿಳಿದುಹೋಗಿತ್ತು.

"ನುಂಗಬೇಡ" ಅಂದ. "ಉಗಿ, ಬ್ರಿಜಿಡ. ನನಗೋಸ್ಕರ ಉಗಿ."