ಮೂರನೆಯ ಜೀವ

ಸಂತೆಯಲ್ಲಿ ನಿಲ್ಲಿಸಿ ಬೆಲೆ ಕಟ್ಟಿದ್ದರೆ ಗೇಶೆಗೆ ಗಿರಾಕಿ ಸಿಗುತ್ತಿರಲಿಲ್ಲ. ಬಾಗಿದ ಬೆನ್ನು, ಮುಂದಿನ ಹಲ್ಲುಗಳಿಲ್ಲ, ನಾಲಿಗೆ ಮಾತ್ರ ಈಗಷ್ಟೇ ಸಾಣೆ ಹಿಡಿದಂಥದ್ದು. ಆದರೆ ಅವಳ ಕೋಳಿಗಳು ಹಡ್ಸನ್ ನದಿಯ ಎರಡೂ ದಡದಲ್ಲಿ ಹೆಸರುವಾಸಿ. ಹೊಸವರ್ಷಕ್ಕೆ ಪಟ್ರೂನ್ ಧಣಿಗೆ ಗೇಣಿಯ ಜೊತೆ ಕೊಬ್ಬಿದ ಕೋಳಿ ಒಪ್ಪಿಸಲು ಬಂದ ಒಕ್ಕಲುಗಳೆಲ್ಲ ಅವಳ ಬುಟ್ಟಿ ನೋಡಿ ತಮ್ಮ ಬುಟ್ಟಿಗೆ ಬಟ್ಟೆ ಮುಚ್ಚಿಕೊಳ್ಳುತ್ತಿದ್ದರು.

ಆ ಸೀಮೆಯಲ್ಲಿ ನೆಲ, ಹಿಟ್ಟಿನ ಗಿರಣಿ, ನ್ಯಾಯದ ಕಟ್ಟೆ ಎಲ್ಲವೂ ಧಣಿಯದೇ. ಒಕ್ಕಲಿಗೆ ಜಮೀನು ಸಿಗುತ್ತಿದ್ದುದು ಮೂರು ಜೀವಗಳ ಮೇಲೆ. ಕರಾರಿನಲ್ಲಿ ಹೆಸರಿಸಿದ ಮೂವರಲ್ಲಿ ಒಬ್ಬ ಉಸಿರಾಡುತ್ತಿದ್ದರೂ ಹೊಲಮನೆ ಒಕ್ಕಲಿನದು. ಕೊನೆಯವನು ಹೋದರೆ ಧಣಿಗೆ ವಾಪಸ್ಸು. ಗೇಶೆಯ ಗಂಡ ತನ್ನ ಹೆಸರು, ತಮ್ಮನ ಹೆಸರು, ತೊಟ್ಟಿಲಲ್ಲಿದ್ದ ಮಗ ಹಾರ್ಮೆನ್‌ನ ಹೆಸರು ಹಾಕಿಸಿದ. ಕೂಸಿನ ಆಯುಸ್ಸು ಉದ್ದ ಎಂದು ಎಲ್ಲರೂ ಮಾಡುತ್ತಿದ್ದ ವ್ಯಾಪಾರ ಅದು. ಹೆಂಡತಿಯ ಹೆಸರು ಹಾಕಿಸಲು ಯಾರಿಗೂ ಹೊಳೆಯಲಿಲ್ಲ.

ಗಂಡ ಹೋದ, ಮೈದುನ ಹೋದ. ತುಪ್ಪಳಕ್ಕಾಗಿ ಬೀವರ್ ಪ್ರಾಣಿಯ ಬೇಟೆಗೆಂದು ಉತ್ತರಕ್ಕೆ ಹೋದ ಹಾರ್ಮೆನ್ ಮಂಜುಗಡ್ಡೆ ಒಡೆದು ನೀರುಪಾಲಾದ. ಜೊತೆಗಿದ್ದ ಮೋಹಾಕ್ ಬುಡಕಟ್ಟಿನ ಗೆಳೆಯ ಅವನ ತುಪ್ಪಳದ ಟೋಪಿ ತಂದುಕೊಟ್ಟು, ತಲೆ ತಗ್ಗಿಸಿಕೊಂಡು ಹೋದ. ಗೇಶೆ ಅದನ್ನು ಹಿಟ್ಟಿನ ಪೆಟ್ಟಿಗೆಯಲ್ಲಿ ಹುದುಗಿಸಿಟ್ಟಳು.

ಹೊಸವರ್ಷಕ್ಕೆ ಧಣಿಯ ಪಾರುಪತ್ತೆಗಾರ ಎವರ್ಟ್ ಪದ್ಧತಿಯಂತೆ ಕೇಳಿದ: "ಹಾರ್ಮೆನ್ ಇದ್ದಾನಾ?"

"ಇದ್ದಾನೆ."

ಅಂದು ಸಂಜೆಯೇ ಹಾರ್ಮೆನ್ ಬಂದ. ಅಗುಳಿ ತಾನಾಗಿ ಎದ್ದಿತು. ಒದ್ದೆ ಹೆಜ್ಜೆಗಳು ಹೊಸ್ತಿಲು ದಾಟಿ, ಒಲೆಯತ್ತ ಬರುತ್ತ ಅರ್ಧಕ್ಕೆ ನಿಂತವು. ಆಮೇಲೆ ಪ್ರತಿ ಸಂಜೆಯೂ ಅದೇ. ಗೇಶೆ ಅವನ ಬಟ್ಟಲಿಗೆ ಜೋಳದ ಗಂಜಿ ಹಾಕಿ, "ಕೂತ್ಕೊ ಮಗಾ, ಮೈ ಕಾಯಿಸ್ಕೊ" ಎನ್ನುವಳು. ಬೆಳಗ್ಗೆ ಗಂಜಿ ಕೆನೆಗಟ್ಟಿ ಹಾಗೇ ಇರುತ್ತಿತ್ತು. ನೆಲ ಒರೆಸಿ ಹೊಲಕ್ಕೆ ಹೋಗುವಳು. ಹೊಲವಂತೂ ಉಳಿದಿತ್ತಲ್ಲ.

ಕೆಲವು ವರ್ಷ ಕಳೆದವು. ಒಮ್ಮೆ ಹೊಸವರ್ಷದ ಹಿಂದಿನ ಸಂಜೆ ಯಾರೋ ಬಾಗಿಲು ಬಡಿದರು. ಹಾರ್ಮೆನ್ ಬಡಿಯುವವನಲ್ಲ. ತೆರೆದರೆ, ಮಂಜುಗಡ್ಡೆಗೆ ದೋಣಿ ಕಳೆದುಕೊಂಡ ನದಿ ವ್ಯಾಪಾರಿಯೊಬ್ಬ, ಪೂರಾ ತೊಯ್ದು ನೀಲಿಗಟ್ಟಿ ನಿಂತಿದ್ದ.

"ಕೂತ್ಕೊ," ಎಂದಳು, ಬಾಯಿ ಅಭ್ಯಾಸಕ್ಕೆ.

ಅವನು ಕೂತೇಬಿಟ್ಟ. ಹಾರ್ಮೆನ್‌ನ ಬಟ್ಟಲನ್ನು ಬಳಿದು ತಿಂದು, "ಇನ್ನೊಂಚೂರು ಇದ್ಯಾ ಅಜ್ಜಿ? ಉಪ್ಪು ಸ್ವಲ್ಪ ಕಮ್ಮಿ" ಎಂದ.

"ಸಾಯೋಕೆ ಬಂದೋನಿಗೆ ಉಪ್ಪಿನ ಚಿಂತೆ ನೋಡು!"

ಬೈಯುತ್ತಲೇ ಅವಳು ಅವನ ತುಟಿಗೆ ಬಣ್ಣ ಮರಳುವುದನ್ನು, ಅಂಗಿಯಿಂದ ಹಬೆ ಏಳುವುದನ್ನು ನೋಡಿದಳು. ಅವನ ಬೆನ್ನ ಹಿಂದೆ, ಅರ್ಧ ದಾರಿಯಲ್ಲಿ, ನೆಲದ ಮೇಲೆ ನೀರು ತೊಟ್ಟಿಕ್ಕುತ್ತಲೇ ಇತ್ತು. ಬದುಕಿದ್ದವನು ಕೂರುತ್ತಾನೆ, ಉಣ್ಣುತ್ತಾನೆ, ಒಣಗುತ್ತಾನೆ. ಅವಳ ಮಗನನ್ನು 'ಇದ್ದಾನೆ' ಎಂಬ ಅವಳದೇ ಒಂದು ಮಾತು ಅಲ್ಲಿ ಕಟ್ಟಿಹಾಕಿತ್ತು.

ಮರುದಿನ ಗೇಣಿ ಒಪ್ಪಿಸುವಲ್ಲಿ ಎವರ್ಟ್ ಒಕ್ಕಲುಗಳೆಲ್ಲ ಕೇಳುವಂತೆ ನಕ್ಕ. "ಏನಜ್ಜಿ, ಕಾಡಲ್ಲಿ ಬೀವರೇ ಮುಗಿದಿರ್ಬೇಕು, ನಿನ್ ಮಗ ಇನ್ನೂ ಬರ್ಲಿಲ್ವಲ್ಲ? ಇದ್ದಾನೆ ತಾನೇ?"

ಅವಳು ಬುಟ್ಟಿಯ ಕೋಳಿಗಳ ಕೆಳಗಿಂದ ಹಿಟ್ಟು ಮೆತ್ತಿದ ಟೋಪಿ ತೆಗೆದು ಮೇಜಿನ ಮೇಲಿಟ್ಟಳು.

"ಇಲ್ಲ ಸ್ವಾಮಿ. ಸತ್ತ. ಸಾವಿನ ಗಂಟೆ ಹೊಡೆಸಿ."

ಎವರ್ಟ್‌ನ ನಗು ಅಲ್ಲೇ ನಿಂತಿತು. "ಹೊಲ ಹೋಗುತ್ತಜ್ಜಿ. ಇನ್ನೊಂದ್ಸಲ ಕೇಳ್ಲಾ?"

"ಕಿವಿ ಚೆನ್ನಾಗೇ ಇದೆಯಲ್ಲ ನಿಮಗೆ."

ಇಗರ್ಜಿಯ ಗಂಟೆ ಹೊಡೆಯಿತು. ಆ ಸಂಜೆ ಅಗುಳಿ ಅಲುಗಲಿಲ್ಲ, ನೆಲ ಒಣಗಿಯೇ ಇತ್ತು. ಅವಳು ಬಟ್ಟಲು ತೊಳೆದು ಬೋರಲಾಗಿ ಇಟ್ಟಳು. ಆಮೇಲೆ ಬಹಳ ಹೊತ್ತು ಬಾಗಿಲನ್ನೇ ನೋಡುತ್ತ ಕೂತಳು. ಮೇ ತಿಂಗಳ ಮೊದಲ ದಿನ, ಒಕ್ಕಲು ಬಿಡುವವರೆಲ್ಲ ಬಿಡುವ ದಿನ, ಉಳಿದ ಕೋಳಿಗಳನ್ನು ಹಿಡಿದುಕೊಂಡು ತಂಗಿಯ ಮನೆಗೆ ಹೊರಟಳು. ಅಲ್ಲೇ ತೀರಿಕೊಂಡಳು.

ಆ ವ್ಯಾಪಾರಿ ನಾನು. ನನ್ನ ಹೆಸರು ಯಾವ ಕರಾರಿನಲ್ಲೂ ಇಲ್ಲ. ಗೇಶೆಗೆ ನಾನು ಒಂದು ಜೀವ ಬಾಕಿ ಇದ್ದೇನೆ.