ರೋಬಾಟಿಗೆ ದೃಷ್ಟಿಬೊಟ್ಟು

ಸ್ವಿಚ್ ಒತ್ತಿದರೂ ನನ್ನ ರೋಬಾಟ್ ಅಲುಗಾಡಲಿಲ್ಲ. ಎಪ್ಪತ್ತರ ದಶಕದ ಮಾತು. ಕೋಲಾರದ ನಮ್ಮ ಕಾನ್ವೆಂಟಿನ ಸೈನ್ಸ್ ಎಕ್ಸಿಬಿಷನ್‌ಗೆ ಒಂದೇ ವಾರ ಉಳಿದಿತ್ತು. ಆಟದ ಕಾರಿನ ಪುಟ್ಟ ಮೋಟಾರಿಗೆ ಮರದ ಬಾಡಿ ಟೂ ಹೆವಿ! ಅಳುತ್ತಾ ಕೂತೆ.

“ಸಾಕು ಅಳು. ಮೊರಕ್ಕೆ ಪೇಪರು, ಮೆಂತ್ಯ ಮೆತ್ತೋ ಹಂಗೆ ಇದಕ್ಕೂ ಮೆತ್ತೋಣ ಬಾರೇ,” ಅಂದಳು ಅಮ್ಮ. ಮರದ ಬಾಡಿ ಕಿತ್ತುಹಾಕಿ, ಕೆಳಗಿನ ಹಲಗೆ, ಚಕ್ರ ಮಾತ್ರ ಹಾಗೇ ಬಿಟ್ಟು, ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ನೆನೆಸಿದ ಹಳೇ ಪೇಪರು, ಮೆಂತ್ಯ ರುಬ್ಬಿ ಬಳಿದು ಒಣಗಿಸಿದೆವು.

ಎಕ್ಸಿಬಿಷನ್ ದಿನ ರೋಬಾಟ್ ಗರಗರ ಅಂತ ಹೊರಟೇಬಿಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟುವಾಗ ಅಮ್ಮ ಮುಂದೆ ಬಂದು, ತನ್ನ ಕಣ್ಣಿನ ಕಾಡಿಗೆ ತೆಗೆದು ಅದರ ಕೆನ್ನೆಗೆ ಬೊಟ್ಟಿಟ್ಟಳು. “ಇಷ್ಟು ಜನ ನೋಡ್ತಾವ್ರೆ, ದೃಷ್ಟಿ ಆಗಲ್ವೇನೇ?” ನಮ್ಮ ಸ್ಟ್ರಿಕ್ಟ್ ಸಿಸ್ಟರ್ ಕೂಡ ನಕ್ಕುಬಿಟ್ಟರು.

ಈಗಲೂ ದೋಸೆಗೆ ಮೆಂತ್ಯ ನೆನೆಹಾಕಿದಾಗ, ಆ ಬೊಟ್ಟಿನ ರೋಬಾಟ್, ಅದರ ಹಿಂದೆ ಅಮ್ಮ, ಇಬ್ಬರೂ ನನ್ನ ಅಡುಗೆಮನೆಗೆ ಬರುತ್ತಾರೆ.